ಏಳು ಅಂದಿದ್ದಕ್ಕ ಎರಡು

ಫಿಜಿಕ್ಸ್ ಸರ್ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾ ರಾಣೆಬೆನ್ನೂರಿನ ನಮ್ಮ ಕಾಲೇಜಿನ ಲ್ಯಾಬಿನ್ಯಾಗ ಮೀಟರಿನ ಗಾಜು ಒರಸಾಕತ್ತಿದ್ದೆ. ಆಫೀಸಿನ ಕ್ಲಾರ್ಕ್ ಬಾಗಲದಾಗ ನಿಂತು, ಹಾವೇರಿಯಿಂದ ಫೋನ್ ಬಂದಿತ್ತು, ನಿಮ್ಮ ಸರ್ ಮುಂಜಾನೆ ಹೋದ್ರಂತ, ಸಂಜಿಮುಂದ ಮಣ್ಣು ಅಂತ ಹೇಳಿ ಹೋದ. ನಾ ಒರಸೋದು ಬಿಡಲಿಲ್ಲ. ಕೈಯಾಗಿನ ಮೀಟರ್ ಒರಸಿದೆ, ಅದರ ಬಾಜೂದ್ದು ಒರಸಿದೆ, ಆ ಸಾಲು ಮುಗಿಸಿ ಅರಿವಿ ಝಾಡಿಸಿ ಸ್ಟೂಲಿನ ಮ್ಯಾಲ ಕುಂತೆ. ಅಳು ಬರಲಿಲ್ಲ. ಮೊದಲು ಬಂದದ್ದು ಒಂದ ಮಾತು. ಇನ್ನ ಅವರಿಗೆ ಹೇಳಾಕ ಬರೂದಿಲ್ಲ.

ಹೇಳೋದು ಒಂದಿತ್ತು. ಆರು ವರ್ಷದಿಂದ ಇತ್ತು. ನಾ ಅವರ ಮುಂದ ಒಂದು ಸುಳ್ಳು ಹೇಳಿದ್ದೆ, ಆ ಸುಳ್ಳಿನಿಂದ ಅವರ ಹೆಸರು ಕೆಟ್ಟಿತ್ತು, ಅದನ್ನ ಅವರ ಮುಂದ ನಿಂತ ಹೊಳ್ಳಿ ತಗೋಬೇಕಿತ್ತು. ನಮ್ಮ ಅಮ್ಮಾ ಮನ್ಯಾಗ ಉರ್ದು, ಓಣ್ಯಾಗ ಕನ್ನಡ ಮಾತಾಡಾಕಿ. ಸಣ್ಣಾಂವಿದ್ದಾಗ ನಾ ಬಾಜೂಮನಿ ಮುದುಕಿಯ ಕೋಳಿ ತತ್ತಿ ಕದ್ದು ಸಿಕ್ಕೊಂಡು, ದೇವರ ಕಡೆ ಮಾಫಿ ಕೇಳ್ಕೋತೀನಿ ಬಿಡು ಅಂದಿದ್ದಕ್ಕ, ಆಕಿ ಕಿವಿ ಹಿಂಡಿ ಹೇಳಿದ್ದು ಇನ್ನೂ ಕಿವ್ಯಾಗ ಐತಿ.

"ದೇವರಿಗೆ ಮಾಡಿದ್ದು ದೇವರು ಮಾಫ್ ಮಾಡ್ತಾನ. ಮನಷ್ಯಾಗ ಮಾಡಿದ್ದು ಆ ಮನಷ್ಯಾನ ಮಾಫ್ ಮಾಡಬೇಕು. ಹೋಗು, ಮುದುಕಿ ಮುಂದ ನಿಂದರು."

ಹೋಗಿ ನಿಂತಿದ್ದೆ. ಒಂದು ತತ್ತಿ ಸಲುವಾಗಿ ನಿಂತಾಂವ ಸರ್ ಸಲುವಾಗಿ ನಿಂದರಲಿಲ್ಲ.

ನಾ ಹಲಗೇರಿಯಾಂವ. ಪಿಯುಸಿ ಸೈನ್ಸ್ ಕಲಿಯಾಕ ರಾಣೆಬೆನ್ನೂರಿಗೆ ಬಂದು ಎರಡು ಸಲ ಫಿಜಿಕ್ಸಿನ್ಯಾಗ ಫೇಲಾದೆ. ಅದೂ ಈ ಸರ್ ಕಡೆ ಕಲತು. ಅವರ ಕಡೆ ಕಲತು ಫೇಲಾಗಬೇಕಂದ್ರ ಅದಕ್ಕೂ ಒಂದು ತಾಕತ್ತು ಬೇಕು, ಆ ತಾಕತ್ತು ನನ್ನ ಕಡೆ ಇತ್ತು. ಎರಡನೇ ಸಲ ರಿಸಲ್ಟ್ ಬಂದ ದಿನ ಅವರ ಮನಿ ಕಟ್ಟಿ ಮ್ಯಾಲ ಇಂಗು ತಿಂದ ಮಂಗ್ಯಾನಂಗ ಕುಂತಿದ್ದೆ. ಅವರು ಬೈಲಿಲ್ಲ. ನಿನಗ ಲೆಕ್ಕ ಬರೂದಿಲ್ಲ, ಖರೇ, ಆದ್ರ ನಿನ್ನ ಕೈ ಹಗುರ ಐತಿ, ಕಣ್ಣು ಚೊಕ್ಕ ಐತಿ ಅಂದ್ರು. ಆ ಜೂನ್ ತಿಂಗಳದಾಗ ಲ್ಯಾಬಿಗೆ ಒಬ್ಬ ಅಟೆಂಡರ್ ಬೇಕಾಗಿದ್ದ. ಸರ್ ತಾವ ಪ್ರಿನ್ಸಿಪಾಲರ ಮುಂದ ಹೋಗಿ ನನ್ನ ಹಂಗಾಮಿ ಅಂತ ತಗೊಳಾಕ ಹಚ್ಚಿದ್ರು. ಫೇಲಾದ ಹುಡುಗ ಅದ ಲ್ಯಾಬಿನ ಕೀಲಿಕೈ ಹಿಡಕೊಂಡು ಅಡ್ಡಾಡಾಕತ್ತಿದ.

ಸರ್ ಕುಪ್ಪೇಲೂರಿನ ಒಕ್ಕಲತನದ ಮನ್ಯಾಗಿಂದ ಬಂದಾವ್ರು. ತೆಳ್ಳನ ಮನಷ್ಯಾ, ಬಿಳಿ ಅಂಗಿ, ಎಡಗಡೆ ಕಿಸೆದಾಗ ಯಾವಾಗಲೂ ಬೋರ್ಡಿಗೆ ಬರಿಯೋ ಖಡುವಿನ ಪುಡಿ. ಅವರ ಪಾಠ ಪುಸ್ತಕದಾಗಿಂದ ಸುರು ಆಗ್ತಿದ್ದಿಲ್ಲ. ಬಾವ್ಯಾಗ ಮುಳಗಿದ ಕೊಡ ಜಗ್ಗಿದ್ರ ಹಗುರ, ನೀರು ಬಿಟ್ಟು ಮ್ಯಾಲ ಬಂದಕೂಡಲೆ ಭಾರ, ಯಾಕ ಅಂತ ನಿಮ್ಮ ನಿಮ್ಮ ಅವ್ವನ್ನ ಕೇಳ್ಕೊಂಡು ಬರ್ರಿ ಅಂತ ಹೇಳಿ ಕಳಸತಿದ್ರು. ಮರುದಿನ ಎಲ್ಲಾರ ಅವ್ವಗೋಳ ಉತ್ತರಾ ಕೇಳಿ ಪಾಠ ಚಾಲೂ. ನಮ್ಮ ಅಮ್ಮಾ, ಅರ್ಧಾ ಭಾರ ಬಾವಿನ ಹೊರ್ತೈತಿ, ಅದಕ್ಕ ಅಂದಿದ್ಲು. ನಾ ಅಂಜಕೋತ ಹೇಳಿದೆ, ಹುಡುಗರು ನಕ್ಕರು. ಸರ್ ನಗಲಿಲ್ಲ. ನಿಮ್ಮ ಅಮ್ಮಾ ಹೇಳಿದ್ದು ಖರೇ ಐತಿ, ಅರ್ಧಾ ಅನ್ನೋದಷ್ಟ ಅಳದು ನೋಡಬೇಕು ಅಂದ್ರು. ಅವತ್ತು ಸಂಜಿಗೆ ಆ ಮಾತು ಹೇಳಿದಾಗ ನಮ್ಮ ಅಮ್ಮಾ ಎಷ್ಟೋ ಹೊತ್ತು ಸೆರಗಿನ್ಯಾಗ ಮಾರಿ ಮುಚ್ಚಿ ನಗಾಕತ್ತಿದ್ಲು.

ಇನ್ನ ಲ್ಯಾಬ್. ಬ್ಯಾರೆ ಕಡೆ ಹುಡುಗರು ಏನ್ ಮಾಡ್ತಾರ ಅಂತ ಎಲ್ಲಾರಿಗೂ ಗೊತ್ತು. ಹ್ವಾದ ವರ್ಷದಾವ್ರ ಜರ್ನಲ್ ತಂದು, ಉತ್ತರಾ ಮೊದಲು ಬರದು, ಅದಕ್ಕ ಹೊಂದೂ ಅಂಕಿ ಹಿಂದಿನಿಂದ ತುಂಬತಾರ. ನಮ್ಮ ಸರ್ ಕಡೆ ಅದು ನಡೀತಿದ್ದಿಲ್ಲ. ಕಂಡದ್ದು ಬರಿ, ಅಷ್ಟ ಸಾಕು ಅಂತಿದ್ರು. ಮತ್ತ ಅವರದೊಂದು ಪದ್ಧತಿ ಇತ್ತು. ನಾ ಯಾವ ಊರಾಗೂ ಅಂಥಾದ್ದು ನೋಡಿಲ್ಲ. ಲ್ಯಾಬಿನ್ಯಾಗಿನ ಒಂದೊಂದು ಸಾಮಾನಿಗೂ ಅದರ ತಪ್ಪು ಎಷ್ಟು ಅಂತ ಒಂದು ಚೀಟಿ ಬರದು ಹಚ್ಚತಿದ್ರು.

ಸ್ಕ್ರೂ ಗೇಜ್ ಅಂತ ಒಂದು ಇರ್ತೈತಿ, ತಂತಿ ಎಷ್ಟು ದಪ್ಪ ಅಂತ ಅಳಿಯೋದು. ಅದರ ಬಾಯಿ ಪೂರ್ತಿ ಮುಚ್ಚಿದಾಗ ಸೊನ್ನಿ ತೋರಸಬೇಕು. ಹಳೇದಾತು, ಕೈಜಾರಿ ಬಿತ್ತು ಅಂದ್ರ ಸೊನ್ನಿ ತೋರಸೂದಿಲ್ಲ, ಎರಡು ತೋರಸತೈತಿ, ಮೂರು ತೋರಸತೈತಿ. ಎರಡು ತೋರಿಸಿದ್ರ ಎಲ್ಲಾ ಅಳತಿಯೊಳಗಿಂದ ಎರಡು ಕಳೀಬೇಕು, ಆವಾಗ ಸರಿ. ಸರ್ ಗೇಜಿನ ಡಬ್ಬಿ ಮ್ಯಾಲ ತಮ್ಮ ದುಂಡನ ಅಕ್ಷರದಾಗ, ಇದರ ತಪ್ಪು ಪ್ಲಸ್ ಎರಡು ಅಂತ ಬರೀತಿದ್ರು. ನಾ ಸ್ಪಿರಿಟ್ ದೀಪದ ಮ್ಯಾಲ ಮೈದಾ ಅಂಟು ಕಾಸಿ ಹಚ್ಚತಿದ್ದೆ. ಗ್ವಾಡಿ ಗಡಿಯಾರಕ್ಕ ಒಂದು ಚೀಟಿ, ತಕ್ಕಡಿಗೆ ಒಂದು, ಥರ್ಮಾಮೀಟರಿಗೆ ಒಂದು. ತಪ್ಪು ಇಲ್ಲದ ಸಾಮಾನು ಎಲ್ಲೂ ಇಲ್ಲ, ಎಷ್ಟು ತಪ್ಪತೈತಿ ಅಂತ ಗೊತ್ತಿದ್ರ ಅದ ಚಲೋ ಸಾಮಾನು ಅಂತಿದ್ರು. ಸರ್ ಗಂಟಿ ಹೊಡದ್ರೂ ಪಾಠ ಬಿಡೂದಿಲ್ಲ ಅಂತ ಹುಡುಗರು ಚಾಷ್ಟಿ ಮಾಡಿದಾಗ ತಮ್ಮ ಮೇಜಿಗೂ ಒಂದು ಚೀಟಿ ಹಚ್ಚಿದ್ರು, ಈ ಮಾಸ್ತರ ತಪ್ಪು ಪ್ಲಸ್ ಐದು ನಿಮಿಷ ಅಂತ.

ಪ್ರತಿ ವರ್ಷ ಪರೀಕ್ಷೆ ಬರೋಕ್ಕಿಂತ ಮೊದಲು ಆ ಚೀಟಿ ಹೊಸಾವು ಆಗಬೇಕು. ಸರ್‌ಗೆ ಸಣ್ಣ ಗೆರಿ ಕಾಣೋದು ತ್ರಾಸಾಗಾಕತ್ತಿತ್ತು, ಹಿಂಗಾಗಿ ನಾ ಗೇಜ್ ಮುಚ್ಚಿ ನೋಡಿ ಅಂಕಿ ಹೇಳೋದು, ಅವರು ಬರಿಯೋದು. ಕಣ್ಣು ನಿಂದು, ಕೈ ನಂದು ಅಂತಿದ್ರು.

ಆ ವರ್ಷ, ಎಂಬತ್ತಾರೋ ಎಂಬತ್ತೇಳೋ ಇರಬೇಕು, ಮುಂಜಾನೆ ಎಲ್ಲಾ ಗೇಜ್ ನೋಡಿ ಒಂದು ಹಾಳ್ಯಾಗ ಬರದಿಟ್ಟಿರು, ಮಧ್ಯಾಹ್ನ ನಾ ಚೀಟಿ ಬರೀತೀನಿ ಅಂದಿದ್ರು. ಅದ ದಿನ ನಮ್ಮ ಅಮ್ಮಾ ಬ್ಯಾಡಗಿಯೊಳಗ ಒಂದು ಹುಡುಗಿ ನೋಡೋದು ಇಟಗೊಂಡಿದ್ಲು. ಹುಡುಗಿ ಅಪ್ಪಾ ಮೆಣಸಿನಕಾಯಿ ಅಂಗಡ್ಯಾಗ ತೂಕ ಮಾಡಾಂವ. ಮುಂಜಾನೆ ಗಾಡಿಗೆ ಹೋಗಿ ಹತ್ತೂವರಿಗೆ ಹೊಳ್ಳಿ ಬರ್ತೀನಿ, ಗೇಜ್ ನೋಡಾಕ ಎಷ್ಟೊತ್ತು ಬೇಕು ಅಂತ ನನ್ನ ಲೆಕ್ಕ. ಲೆಕ್ಕ ಬರೂದಿಲ್ಲ ಅಂತ ಸರ್ ಮೊದಲ ಹೇಳಿದ್ರಲ್ಲ. ಸೀಜನ್ ಟೈಮು, ಸ್ಟೇಷನ್ನಿನ್ಯಾಗ ಇಳದಕೂಡಲೆ ಘಾಟು ಮೂಗಿಗೆ ಹೊಡದು ನಾನೂ ಸೀನಿದೆ, ಅಮ್ಮಾನೂ ಸೀನಿದ್ಲು. ಹುಡುಗಿ ಚಾ ತಂದಾಗ ನಾ ಇನ್ನೂ ಸೀನಾಕತ್ತಿದ್ದೆ, ಆಕಿ ನಕ್ಕುಬಿಟ್ಲು. ನನಗ ಆವಾಗ ಪಸಂದ್ ಆದ್ಲು. ಆದ್ರ ಆಕಿ ಅಪ್ಪಾ ಕಡಕ್ ಮನಷ್ಯಾ. ಹಂಗಾಮಿ ನೌಕರಿ ನಂಬಿ ಮಗಳ್ನ ಕೊಡೂದಿಲ್ಲ, ಖಾಯಂ ಆದ ದಿನ ಬರ್ರಿ ಅಂದ. ನನ್ನ ಖಾಯಂ ಮಾಡೂ ಕಾಗದ ಆಗ ನಮ್ಮ ಪ್ರಿನ್ಸಿಪಾಲರ ಮೇಜಿನ ಮ್ಯಾಲ ಇತ್ತು.

ಹೊಳ್ಳಿ ಬರೂ ಗಾಡಿ ತಡಾ ಆತು. ನಾ ಲ್ಯಾಬಿಗೆ ಓಡಿ ಬಂದಾಗ ಸರ್ ಚೀಟಿ ಕತ್ತರಿಸಿ, ಪೆನ್ನಿಗೆ ಶಾಯಿ ತುಂಬಿ, ಕುಂತಬಿಟ್ಟಿದ್ರು. ಗೇಜ್ ನೋಡಿಲ್ರಿ ಅನ್ನೋ ಮಾತು ನಾಲಿಗಿ ತುದಿಗೆ ಬಂದಿತ್ತು. ಅಂದಿದ್ರ ನಾಳೆ ನೋಡೋಣೇಳು ಅಂತಿದ್ರು, ಅಷ್ಟ. ಅನ್ನಲಿಲ್ಲ. ಕಪಾಟಿನ್ಯಾಗಿಂದ ಹ್ವಾದ ವರ್ಷದ ಹಾಳಿ ತಗದು ಅದನ್ನ ಓದಿದೆ. ಒಂದನೇ ನಂಬರು, ಎರಡನೇ ನಂಬರು, ಹಿಂಗ. ಒಂಬತ್ತನೇ ನಂಬರಿಗೆ ಪ್ಲಸ್ ಎರಡ್ರಿ ಅಂದೆ. ಆ ಒಂಬತ್ತನೇ ಗೇಜ್ ದಸರಾ ಮುಂದ ಒಬ್ಬ ಹುಡುಗನ ಕೈಜಾರಿ ಫರಸಿ ಮ್ಯಾಲ ಬಿದ್ದಿತ್ತು. ನಾನ ಎತ್ತಿ, ಊದಿ, ಡಬ್ಬ್ಯಾಗ ಇಟ್ಟಿದ್ದೆ. ಆವಾಗ ನೆನಪಾಗಲಿಲ್ಲ ಅಂತ ಬರದುಬಿಡಬಹುದು, ಯಾರು ಕೇಳ್ತಾರ. ಆದ್ರ ನೆನಪಾತು. ನೆನಪಾಗೋದರಾಗ ಎರಡು ಅಂತ ಬಾಯಾಗಿಂದ ಹೋಗಿತ್ತು, ಸರ್ ಬರದಿದ್ರು, ನಾ ಹತ್ತನೇ ನಂಬರಿಗೆ ಹೋದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಬ್ಯಾರೆ ಊರಿಂದ ಒಬ್ಬರು ಪರೀಕ್ಷಕರು ಬಂದ್ರು. ಎರಡನೇ ದಿನ ಅವರು ಮೂವರ ಪೇಪರ್ ಬಾಜೂಕ ತಗದಿಟ್ರು. ಮೂವರೂ ಬ್ಯಾರೆ ಬ್ಯಾರೆ ಬ್ಯಾಚಿನ್ಯಾಗ ಒಂಬತ್ತನೇ ಗೇಜ್ ಹಿಡದಾವ್ರು, ಮೂವರ ಉತ್ತರಾನೂ ಒಂದ ಕಡೆ ವಾಲಿದ್ವು. ಪರೀಕ್ಷಕರು ಗೇಜ್ ತರಿಸಿ ತಾವ ಬಾಯಿ ಮುಚ್ಚಿ ನೋಡಿದ್ರು. ಏಳು. ಡಬ್ಬಿ ಮ್ಯಾಲಿನ ಚೀಟ್ಯಾಗ ಎರಡು. ಮೂವರೊಳಗ ಒಬ್ಬ ಹುಡುಗಿ ಪೇಪರಿನ್ಯಾಗ ಪೆನ್ಸಿಲ್ಲಿನಿಂದ ಏಳು ಅಂತ ಬರದು, ರಬ್ಬರ್ ಹಚ್ಚಿ, ಅದರ ಮ್ಯಾಲ ಎರಡು ಬರದಿದ್ಲು. ಹುಡುಗರು ತಾವಾಗೇ ನೋಡಿ ಬರೀಬೇಕು, ಚೀಟಿ ಬರೇ ತಾಳೆ ನೋಡಾಕ ಅಂತ ಸರ್ ವರ್ಷಾ ಹೇಳ್ತಿದ್ರು. ಪರೀಕ್ಷಕರು ಆ ಹುಡುಗಿನ್ನ ಕರದು ಯಾಕ ಅಳಸಿದಿ ಅಂತ ಕೇಳಿದ್ರು. ಆಕಿ ಅಳಕೋತ ನಿಂತಿದ್ಲು.

"ನನಗ ಏಳ ಕಂಡಿತ್ತರಿ. ಆದ್ರ ಸರ್ ಎರಡು ಅಂತ ಬರದಾರಲ್ರಿ."

ಸರ್ ಮಾರಿ ನಾ ಮರತಿಲ್ಲ. ಇಪ್ಪತ್ತು ವರ್ಷ ಕಂಡದ್ದು ಬರಿ, ಕಂಡದ್ದು ಬರಿ ಅಂತ ಬಡಕೊಂಡ ಮನಷ್ಯಾ. ಅವರ ಅಕ್ಷರ ನಂಬಿ ಹುಡುಗಿ ತನ್ನ ಕಣ್ಣು ಬಿಟ್ಟಿದ್ಲು. ಅವರು ಚೀಟಿ ಮ್ಯಾಲ ಬಟ್ಟು ಆಡಿಸಿದ್ರು, ಆಮ್ಯಾಲ ನನ್ನ ಕಡೆ ಹೊಳ್ಳಿದ್ರು.

"ತಮ್ಮಾ, ನೀ ನನಗ ಎಷ್ಟು ಹೇಳಿದ್ದಿ?"

ಅವರ ಹಿಂದ ಪ್ರಿನ್ಸಿಪಾಲರು ಕೈ ಕಟಗೊಂಡು ನಿಂತಿದ್ರು. ನನಗ ಅವರ ಮೇಜಿನ ಮ್ಯಾಲಿನ ಕಾಗದ ಕಂಡ್ತು, ಬ್ಯಾಡಗಿ ಹುಡುಗಿ ನಕ್ಕಿದ್ದು ಕಂಡ್ತು. "ಏಳು ಅಂದಿದ್ದೆರಿ" ಅಂದೆ.

ಸರ್ ಒಂದು ಉಸರು ಹೊತ್ತು ನನ್ನ ನೋಡಿದ್ರು. ಆಮ್ಯಾಲ ತಮ್ಮ ಬಲಗೈ ನೋಡ್ಕೊಂಡ್ರು. ಪರೀಕ್ಷಕರ ಕಡೆ ಹೊಳ್ಳಿ, ಇವ ಏಳು ಅಂದಾನ, ನಾ ಎರಡು ಬರದೇನಿ, ತಪ್ಪು ನಂದು, ಹುಡುಗರದಲ್ಲ, ಅವರಿಗೆ ಬ್ಯಾರೆ ಗೇಜ್ ಕೊಟ್ಟು ಮತ್ತೊಮ್ಮೆ ಅವಕಾಶ ಕೊಡಬೇಕು ಅಂದ್ರು. ಬರದು ಕೊಡ್ರಿ ಅಂದ್ರು ಪರೀಕ್ಷಕರು. ಸರ್ ಬರದು ಸಹಿ ಹಾಕಿದ್ರು. ಮೂವರೂ ಹುಡುಗರು ಹೊಳ್ಳಿ ಮಾಡಿದ್ರು, ಪಾಸಾದ್ರು. ಯಾರಿಗೂ ಏನೂ ಆಗಲಿಲ್ಲ, ಸರ್ ಒಬ್ಬರನ್ನ ಬಿಟ್ಟು.

ಪರೀಕ್ಷೆ ಮುಗದ ಮರುದಿನ ಸರ್ ನನ್ನ ಕರದು, ಎಲ್ಲಾ ಚೀಟಿ ತಗದುಬಿಡು ಅಂದ್ರು. ಬಕೆಟಿನ್ಯಾಗ ಬಿಸಿನೀರು ತಂದು, ಅರಿವಿ ನೆನಸಿ ಒಂದೊಂದು ಡಬ್ಬಿ ಮ್ಯಾಲ ಇಟ್ಟು, ಅಂಟು ಬಿಟ್ಟಮ್ಯಾಲ ಕೆರದೆ. ಸರ್ ಬಾಜೂಕ ಸ್ಟೂಲಿನ ಮ್ಯಾಲ ಕುಂತಿದ್ರು. ಗಡಿಯಾರದ್ದು, ತಕ್ಕಡಿದು, ಎಲ್ಲಾ ಹೋದ್ವು. ಅವರ ಮೇಜಿನ ಚೀಟಿ ಇರಲಿ ಬಿಡ್ರಿ ಅಂದೆ. ಬ್ಯಾಡ, ಅದೂ ಸರಿ ಐತೋ ಇಲ್ಲೋ ಯಾರಿಗೆ ಗೊತ್ತು ಅಂದ್ರು. ಜೂನ್‌ದಾಗ ತಾವ ಹೋಗಿ ಲ್ಯಾಬ್ ಬ್ಯಾರೆಯಾವ್ರಿಗೆ ಕೊಡ್ರಿ, ನಾ ಕ್ಲಾಸ್ ಅಷ್ಟ ತಗೋತೀನಿ ಅಂತ ಹೇಳಿ ಬಂದ್ರು. ಬ್ಯಾರೆ ಕಾಲೇಜಿಗೆ ಪರೀಕ್ಷಕ ಅಂತ ಹೋಗೋದನ್ನೂ ಬಿಟ್ರು. ರಿಟೈರ್ ಆಗೂತನಕ ನಾಕು ವರ್ಷ ಲ್ಯಾಬಿನ ಹೊಸ್ತಿಲಾ ದಾಟಲಿಲ್ಲ. ಅಡಕಿಗೆ ಹ್ವಾದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತಾರ. ಅದು ಅವರು ಕಳಕೊಂಡಿದ್ದಲ್ಲ. ನಾ ಕಳದಿದ್ದು.

ನನ್ನ ಕಾಗದಕ್ಕ ಸಹಿ ಬಿತ್ತು. ನಿಕಾಹ್ ಆತು. ಸರ್ ಬ್ಯಾಡಗಿ ತನಕ ಬಂದು, ಊಟಾ ಮಾಡಿ, ಒಂದು ಟೇಬಲ್ ಗಡಿಯಾರ ಕೊಟ್ಟು ಹೋದ್ರು. ಮಂದಿ ಹೋದಮ್ಯಾಲ ನಾ ಅದನ್ನ ಹಿಂದಮುಂದ ತಿರುವಿ ನೋಡಿದೆ. ಚೀಟಿ ಇರಲಿಲ್ಲ.

ಇಷ್ಟೆಲ್ಲಾ ಆಗಿ ನಾ ಹೆಂಗ ಉಂಡೆ, ಹೆಂಗ ಮಲಗಿದೆ ಅಂತ ಕೇಳಿದ್ರ, ಒಂದು ನೆಪದ ಮ್ಯಾಲ. ಸರ್‌ಗೆ ಎಲ್ಲಾ ಗೊತ್ತಿತ್ತು, ನನ್ನ ಸಂಸಾರದ ಸಲುವಾಗಿ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು ಅಂತ ನಾ ನಂಬಿದ್ದೆ. ಆ ಒಂದು ಉಸರು ಹೊತ್ತು ನನ್ನ ನೋಡಿದ್ರಲ್ಲ, ಅದರಾಗ ಗೊತ್ತಾಗೈತಿ ಅಂತ ನನಗ ನಾನ ಹೇಳ್ಕೊಂಡಿದ್ದೆ. ಗೊತ್ತಿದ್ದಾವ್ರಿಗೆ ಹೊಳ್ಳಿ ಏನು ಹೇಳೋದು, ಅವರ ಮನಸಿಗೂ ತ್ರಾಸು. ಹಿಂಗ ಹೇಳ್ಕೋತ ದಿನಾ ದೂಡಿದೆ. ಹೇಡಿಗೆ ನೆಪ ಸಿಗೋದು ಕಷ್ಟಲ್ಲ.

ರಿಟೈರ್ ಆಗಿ ಅವರು ಹಾವೇರಿಗೆ ಹೋದ್ರು, ಸ್ಟೇಷನ್ನಿನ ಹಿಂದ ಸಣ್ಣ ಮನಿ. ಒಮ್ಮೆ ಕಚೇರಿ ಕೆಲಸಕ್ಕ ಹೋದಾಂವ ಅವರ ಮನಿಗೂ ಹೋಗಿದ್ದೆ. ಇವತ್ತ ಹೇಳೇಬಿಡಬೇಕು ಅಂತ ಹಾದಿಯೆಲ್ಲಾ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಸರ್ ಹೆಂಡತಿ, ನಾವೆಲ್ಲಾ ಅಮ್ಮಾರು ಅನ್ನಾವ್ರು, ಅವಲಕ್ಕಿ ಕೊಟ್ರು. ಸರ್ ನನ್ನ ಮಕ್ಕಳ ಬಗ್ಗೆ ಕೇಳಿದ್ರು, ನಮ್ಮ ಅಮ್ಮಾನ ಬಗ್ಗೆ ಕೇಳಿದ್ರು. ಆಮ್ಯಾಲ ನಡುವ, ಆ ಒಂಬತ್ತನೇ ಗೇಜ್ ಈಗ ಎಷ್ಟು ತೋರಸತೈತಿ ಅಂದ್ರು. ನನ್ನ ಕೈಯಾಗಿನ ಚಮಚ ನಿಂತ್ತು. ಏಳ ತೋರಸತೈತ್ರಿ ಅಂದೆ. ಹೌದಾ ಅಂದ್ರು, ಗೋಣು ಹಾಕಿದ್ರು, ಕಿಡಕಿ ಹೊರಗ ನೋಡ್ಕೋತ ಕುಂತ್ರು. ನೋಡು, ಸರ್‌ಗೆ ಗೊತ್ತೈತಿ, ತಾವ ತಿಳಿಸಿಕೊಟ್ರು, ಮಾಫ್ ಮಾಡ್ಯಾರ ಅಂತ ಅಂದ್ಕೊಂಡು ಅವಲಕ್ಕಿ ಪೂರ್ತಿ ತಿಂದು ಎದ್ದುಬಂದೆ.

ಮಣ್ಣಿಗೆ ಬಸ್ ಹಿಡದು ಹ್ವಾದೆ. ಹಳೇ ಹುಡುಗರು ಭಾಳ ಮಂದಿ ಬಂದಿದ್ರು. ಎಲ್ಲಾರಂಗ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಹಾಕೂಮುಂದ ತುಟಿ ಅಲಗಾಡಿಸಿ 'ಎರಡು ಅಂದಿದ್ದೆರಿ' ಅಂದೆ. ಕೇಳೂ ಮನಷ್ಯಾ ಕೇಳೂದು ಬಿಟ್ಟಮ್ಯಾಲ ಅಂದು ಏನು ಉಪಯೋಗ.

ಮುಂದಿನ ವಾರ ಕಾಲೇಜಿನ್ಯಾಗ ಶೋಕಸಭೆ ಇಟ್ಟಿದ್ರು. ಒಬ್ಬ ಲೆಕ್ಚರರ್ ಎದ್ದು ಅವರ ಶಿಸ್ತು, ಅವರ ಪಾಠ ಎಲ್ಲಾ ಹೊಗಳಿ, ಕಡೀಕ ನಕ್ಕೋತ ಅಂದ, ಅಂಥಾ ದೊಡ್ಡ ಮನಷ್ಯಾರೂ ಒಮ್ಮೆ ಗೇಜಿನ ಚೀಟಿ ತಪ್ಪು ಬರದಿದ್ರು ನೋಡ್ರಿ, ಅವರೂ ನಮ್ಮಂಥ ಮನಷ್ಯಾರ. ಮಂದಿ ಪ್ರೀತಿಲೆ ನಕ್ಕರು. ನನ್ನ ಮೈ ಉರೀತು. ಎದ್ದು ಆ ಮನಷ್ಯಾನ ಕೊರಳಪಟ್ಟಿ ಹಿಡೀಬೇಕು ಅನ್ನಿಸ್ತು. ಆದ್ರ ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ, ಹಂಗ ನಾ ಕುರ್ಚಿ ಹಿಡಕೊಂಡು ಕುಂತೆ. ಆಮ್ಯಾಲ ಖರೇ ಹೇಳೇಬಿಡಬೇಕಂತ ಅರ್ಧಾ ಎದ್ದೆ, ಬಾಜೂದಾಂವ ಚಾ ತರಾಕ ಹೊಂಟೇನು, ಇನ್ನೂ ಭಾಷಣ ಮುಗದಿಲ್ಲ ಅಂದ. ಹೊಳ್ಳಿ ಕುಂತುಬಿಟ್ಟೆ. ಅವತ್ತು ಸಂಜಿಗೆ ನನ್ನ ಹೆಂಡತಿ ಮುಂದ ಮೊದಲನೇ ಸಲ ಎಲ್ಲಾ ಹೇಳಿದೆ. ಆಕಿ ಕೇಳಿ, ನನ್ನ ನೋಡಾಕ ಬಂದ ದಿನಾ ಏನು ಅಂತ ಒಂದ ಮಾತು ಕೇಳಿದ್ಲು. ಹೌದು ಅಂದೆ. ನಾಳೆ ಹೋಗಿ ಅಮ್ಮಾರ ಮುಂದರೆ ಹೇಳಿ ಬರ್ರಿ ಅಂದ್ಲು.

ಹ್ವಾದೆ. ಅಮ್ಮಾರು ಪಡಸಾಲ್ಯಾಗ ಚಾಪಿ ಮ್ಯಾಲ ಕುಂತಿದ್ರು. ನಾಕನೇತ್ತೆ ತನಕ ಸಾಲಿ ಕಲತಾಕಿ, ಎಂದೂ ಭಾಳ ಮಾತಾಡಿದಾಕಿ ಅಲ್ಲ. ನಾ ಬಾಯಿ ತಗಿಯೋಕ್ಕಿಂತ ಮೊದಲು ಒಳಗಿಂದ ನೂಲು ಸುತ್ತಿದ ನೋಟಬುಕ್ಕಿನ ಎರಡು ಗಂಟು ತಂದು ನನ್ನ ಮುಂದಿಟ್ರು. ನೀ ಅವರ ಜೋಡಿ ಲ್ಯಾಬಿನ್ಯಾಗ ಇದ್ದಾಂವ, ಇವು ಏನು ಮಾಡಬೇಕಂತ ನೀನ ಹೇಳು ಅಂದ್ರು.

ಒಂದು ಗಂಟಿನ್ಯಾಗ ಅಮ್ಮಾರ ಅಕ್ಷರ, ದೊಡ್ಡ ದೊಡ್ಡ ಅಂಕಿ. ಇನ್ನೊಂದರಾಗ ಸರ್ ಅಕ್ಷರ. ಎರಡರಾಗೂ ಅವ ಅಂಕಿ. ದಿನಕ್ಕ ಇಪ್ಪತ್ತು. ಪುಟದ ಮ್ಯಾಲ ಪುಟ, ಅಂಕಿ ಬಿಟ್ಟು ಬ್ಯಾರೆ ಏನೂ ಇಲ್ಲ. ನನಗ ತಿಳೀಲಿಲ್ಲ. ಅಮ್ಮಾರು ಹೇಳಿದ್ರು.

ರಾಣೆಬೆನ್ನೂರಾಗ ಇದ್ದಾಗನ ಚಾಲೂ ಆಗಿತ್ತಂತ. ದಿನಾ ಸಂಜಿಗೆ ದೀಪಾ ಹಚ್ಚಿದ ಮ್ಯಾಲ ಅಮ್ಮಾರು ಮನಸಿಗೆ ಬಂದ ಅಂಕಿ ತಮ್ಮ ಬುಕ್ಕಿನ್ಯಾಗ ಬರಕೊಂಡು ಒಂದೊಂದ ಒದರಬೇಕು, ಸರ್ ಕೇಳಿ ತಮ್ಮ ಬುಕ್ಕಿನ್ಯಾಗ ಬರೀಬೇಕು. ಆಮ್ಯಾಲ ಅಮ್ಮಾರು ತಾಳೆ ನೋಡಿ ಗುರ್ತು ಹಾಕಬೇಕು. ಮೊದಮೊದಲು ಅಮ್ಮಾರು ನಕ್ಕಿದ್ರಂತ, ಈ ವಯಸ್ಸಿನ್ಯಾಗ ಉಕ್ತಲೇಖನ ಏನ್ರಿ ಅಂತ. ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸಿದ್ರಂತ, ಕಣ್ಣು ತೋರಿಸಿದ್ರಂತ. ವಯಸ್ಸಿಗೆ ತಕ್ಕಂಗ ಎರಡೂ ಸರಿ ಅದಾವ ಅಂದ್ರಂತ ಡಾಕ್ಟರು. ಹೊಳ್ಳಿ ಬಂದು ಮತ್ತ ಅಂಕಿ.

"ಎಲ್ಲೋ ಒಮ್ಮೆ ಏಳು ಅಂದಿದ್ದಕ್ಕ ಎರಡು ಬರದೇನಿ ಅಂತಿದ್ರು. ಯಾಕ ಬರದೆ, ಹೆಂಗ ಬರದೆ ತಿಳೀವಲ್ದು ಅಂತಿದ್ರು. ಯಾರು ಅಂದಿದ್ರು ಅಂತ ಹೇಳಲಿಲ್ಲ. ಇಷ್ಟು ವರ್ಷದಾಗ ಒಮ್ಮೇನೂ ತಪ್ಪಲಿಲ್ಲ ನೋಡಪಾ. ತಪ್ಪಿದ್ರ ಸಮಾಧಾನ ಆಗ್ತಿತ್ತೇನೋ, ಇಷ್ಟು ತಪ್ಪತೀನಿ ಅಂತ ತಿಳೀತಿತ್ತು. ತಪ್ಪಲಿಲ್ಲಲ್ಲ, ಅದಕ್ಕ ಮರುದಿನ ಮತ್ತ ಕುಂದರತಿದ್ರು."

ಸರ್‌ಗೆ ಗೊತ್ತಿರಲಿಲ್ಲ. ಆರು ವರ್ಷ ನಾ ಯಾವ ನೆಪದ ಮ್ಯಾಲ ಉಂಡು ಮಲಗಿದ್ನೋ ಅದು ಖೊಟ್ಟಿ ಇತ್ತು. ಅವರು ನನ್ನ ಮಾತು ಖರೇ ಅಂತ ತಿಳಕೊಂಡಿದ್ರು. ಆ ಒಂದು ಉಸರು ಹೊತ್ತು ನನ್ನ ನೋಡಿದ್ದು ನಂಬಿಕೀಲೆ, ಅನುಮಾನದಿಂದ ಅಲ್ಲ. ನನ್ನ ನಂಬಿ ತಮ್ಮ ಕೈ ನಂಬೋದು ಬಿಟ್ಟಿದ್ರು, ಆ ಹುಡುಗಿ ಅವರನ್ನ ನಂಬಿ ತನ್ನ ಕಣ್ಣು ಬಿಟ್ಟಂಗ. ಗೇಜ್ ಈಗ ಎಷ್ಟು ತೋರಸತೈತಿ ಅಂತ ಕೇಳಿದ್ದೂ ಅದಕ್ಕ. ಪರೀಕ್ಷಕರು ಏಳು ಅಂದಿದ್ರೂ, ಅದು ಖರೇನ ಏಳ ಐತೋ ಇಲ್ಲೋ, ನನ್ನ ಬಾಯಿಂದ ಇನ್ನೊಮ್ಮೆ ತಿಳಕೊಳಾಕ. ನಾ ಅವಲಕ್ಕಿ ತಿಂದುಬಂದೆ.

ಅಲ್ಲೇ ಚಾಪಿ ಮ್ಯಾಲ ಕುಂತು ಎಲ್ಲಾ ಹೇಳಿದೆ. ಬ್ಯಾಡಗಿ, ಹ್ವಾದ ವರ್ಷದ ಹಾಳಿ, ಪ್ರಿನ್ಸಿಪಾಲರು, ಒಂದೂ ಬಿಡಲಿಲ್ಲ. ನಾ ಎರಡು ಅಂದಿದ್ದೆರಿ ಅಮ್ಮಾರ, ಅವರು ಎರಡ ಬರದಿದ್ರು ಅಂದೆ. ಅಮ್ಮಾರು ಸರ್ ಬುಕ್ಕಿನ ಗಂಟು ತಮ್ಮ ಕಡೆ ಜಗ್ಗಿಕೊಂಡ್ರು. ಹೊರಗ ಗಾಡಿ ಹ್ವಾತು, ಗ್ವಾಡಿ ನಡಗಿ ನಿಂತ್ತು.

"ಹಂಗಾರ ಅವರು ತಪ್ಪಿದ್ದಿಲ್ಲ."

"ಇಲ್ರಿ."

ಮಾಫ್ ಮಾಡ್ರಿ ಅಂತ ಅವರ ಕಾಲ ಕಡೆ ಬಗ್ಗಿದೆ. ಅವರು ಕಾಲು ಹಿಂದ ತಗೊಂಡ್ರು. ಸಿಟ್ಟಿಲೆ ಅಲ್ಲ. ನನಗ ನೀ ಏನೂ ಮಾಡಿಲ್ಲಲ್ಲಪಾ, ನಾ ಹೆಂಗ ಮಾಫ್ ಮಾಡ್ಲಿ ಅಂದ್ರು. ನಮ್ಮ ಅಮ್ಮಾ ಕಿವಿ ಹಿಂಡಿ ಹೇಳಿದ ಮಾತನ್ನ ಅವರೂ ಹೇಳಿದ್ರು, ಕಿವಿ ಹಿಂಡಲಿಲ್ಲ ಅಷ್ಟ. ನಾ ಅಲ್ಲೇ ಅತ್ತೆ.

ಆಮ್ಯಾಲ ಎರಡೂ ಗಂಟಿನಿಂದ ಮ್ಯಾಲಿನ ಬುಕ್ಕು ಒಂದೊಂದು ಬಿಚ್ಚಿದ್ರು. ಕಡೀ ಪುಟ ತಗದು ಸರ್ ಬುಕ್ಕು ನನ್ನ ಕೈಯಾಗ ಕೊಟ್ರು, ತಮ್ಮದು ತಾವು ಹಿಡಕೊಂಡ್ರು. ಆ ಪುಟಕ್ಕ ಗುರ್ತು ಬಿದ್ದಿರಲಿಲ್ಲ. ಅವತ್ತ ಅವರ್ನ ದವಾಖಾನಿಗೆ ಒಯ್ದಿದ್ವಿ, ತಾಳೆ ನೋಡೋದು ಉಳದುಬಿಟ್ಟೈತಿ ಅಂದ್ರು. ಕಣ್ಣಿಗೆ ಕನ್ನಡಕ ಏರಿಸಿದ್ರು.

"ನಾ ಓದ್ತೀನಿ, ನೀ ನೋಡು. ಖರೇ ಹೇಳು."

ಅವರು ಓದಿದ್ರು. ನಾ ನೋಡಿದೆ. ಸರ್ ಅಕ್ಷರ ನಡಗಿತ್ತು, ಒಂದೊಂದು ಅಂಕಿ ಗೆರಿ ಬಿಟ್ಟು ಕೆಳಗ ಇಳದಿತ್ತು, ಆದ್ರ ಓದಾಕ ಬರ್ತಿತ್ತು. ಮೂವತ್ತನಾಕು. ಹೌದ್ರಿ. ಹನ್ನೊಂದು. ಹೌದ್ರಿ. ಹದಿನೇಳನೇದಕ್ಕ ಬಂದಾಗ ಅಮ್ಮಾರು ಒಂದು ಕ್ಷಣ ನಿಂತು ಏಳು ಅಂದ್ರು. ಸರ್ ಏಳ ಬರದಿದ್ರು. ಹೌದ್ರಿ ಅಂದೆ. ಪೆನ್ಸಿಲ್ ತಗೊಂಡು ಒಂದೊಂದಕ್ಕೂ ಗುರ್ತು ಹಾಕ್ಕೋತ ಹ್ವಾದೆ. ಇಪ್ಪತ್ತೂ ಸರಿ ಇದ್ದವು.